ಹೆಣೆದ ಬತ್ತಿ

ಬೆಳಗಾವಿ
೮ ಜೂನ್ ೧೯೮೧

ತಂಗಿ ರೇಣವ್ವನಿಗೆ ಅಣ್ಣ ಕಲ್ಲಯ್ಯನ ಆಶೀರ್ವಾದ.

ನಿನ್ನ ಯಜಮಾನರ ಮೊದಲ ವರ್ಷದ ಪುಣ್ಯತಿಥಿಗೆ ಬಂದಾಗಲೇ ಈ ಮಾತು ಹೇಳಬೇಕಿತ್ತು. ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. ಆ ದಿನ ನಾನು ಮತ್ತು ನಿನ್ನ ಭಾವ ಬಸಲಿಂಗಯ್ಯ ಹಿತ್ತಲಿನಲ್ಲಿ ಕುಳಿತು ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಹೆಂಚಿನ ಕಾರ್ಖಾನೆಯ ಸಂಬಳ ನಿಂತು ವರ್ಷವಾಯಿತು. ಬಾಡಿಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಎಷ್ಟು ದಿನ ಇರುತ್ತೀರಿ? ದೀಪಾವಳಿಗೆ ನಾನು ಬಂದು ನಿನ್ನನ್ನು ಇಲ್ಲಿಗೆ ಕರೆತರುತ್ತೇನೆ. ನಿನ್ನ ಅತ್ತೆ ನಿಂಗವ್ವನವರನ್ನು ಬಸಲಿಂಗಯ್ಯ ಪೀರನವಾಡಿಯ ತನ್ನ ಮನೆಗೆ ಕರೆದೊಯ್ಯುತ್ತಾನೆ. ಹಿರಿಯ ಮಗ ಇರುವಾಗ ತಾಯಿ ಬೇರೆ ಇರುವುದು ಸರಿಯಲ್ಲ ಎಂದು ಅವನೇ ಹೇಳಿದ. ಹೇಳುವಾಗ ಮುಖದಲ್ಲಿ ಉತ್ಸಾಹವೇನೂ ಕಾಣಲಿಲ್ಲ, ಆದರೂ ಹೇಳಿದ.

ಮಹಾಂತೇಶ ನಗರದ ಮನೆಯಲ್ಲಿ ಹಿಂದಿನ ಕೋಣೆ ತೆರವು ಮಾಡಿದ್ದೇವೆ. ನಿನ್ನ ವೈನಿ ಸುಣ್ಣ ಹೊಡೆಸಿದ್ದಾಳೆ. ಅವಳಿಗೂ ಮಂಡಿನೋವು, ಕೆಲಸಕ್ಕೆ ಇನ್ನೊಂದು ಕೈ ಆಗುತ್ತದೆ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ.

ಅತ್ತೆಗೆ ಈಗಲೇ ಹೇಳಿ ಎದೆ ಒಡೆಸಬೇಡ.

ಕಲ್ಲಯ್ಯ


ಖಾನಾಪುರ
೧೯ ಜೂನ್ ೧೯೮೧

ಅಣ್ಣನವರಿಗೆ ರೇಣವ್ವನ ಶರಣಾರ್ಥಿಗಳು.

ಕಾಗದ ಓದುತ್ತ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ವೈನಿಯವರು ಸುಣ್ಣ ಹೊಡೆಸಿದ್ದು ಕೇಳಿ ಸಂತೋಷವಾಯಿತು, ಆದರೆ ಆ ಕೋಣೆಗೆ ನಾನು ಬರುವುದಿಲ್ಲ.

ಅಣ್ಣಾ, ಅತ್ತೆಯವರು ಹೋದ ವರ್ಷ ಎಂಟು ದಿನ ಇದ್ದು ಬರುತ್ತೇನೆ ಎಂದು ಪೀರನವಾಡಿಗೆ ಹೋದವರು ಮೂರನೆಯ ದಿನಕ್ಕೇ ಬಸ್ಸು ಹತ್ತಿ ಬಂದುಬಿಟ್ಟರು. ಯಾಕೆ ಎಂದು ಕೇಳಿದೆ. "ಅಲ್ಲಿ ನೀರಿಗೂ ಕೇಳಿ ಕುಡೀಬೇಕವ್ವಾ" ಅಂದರು. ಮತ್ತೆ ನಾನು ಕೇಳಲಿಲ್ಲ. ನಮ್ಮ ಯಜಮಾನರು ಹಾಸಿಗೆ ಹಿಡಿದಾಗ ನಾವಿಬ್ಬರೂ ಸರದಿಯ ಮೇಲೆ ಎಚ್ಚರ ಇದ್ದವರು. ಈಗ ಇಬ್ಬರನ್ನು ಎರಡು ದಿಕ್ಕಿಗೆ ಹಂಚಿಕೊಳ್ಳುತ್ತೀರಿ ಎಂದರೆ ಹೇಗೆ ಒಪ್ಪಲಿ?

ನೀವು ದೀಪಾವಳಿ ಎಂದಿದ್ದೀರಿ. ಅಲ್ಲಿಯ ತನಕ ನನ್ನನ್ನು ಬಿಡಿ. ಅಷ್ಟರೊಳಗೆ ಈ ಮನೆ ನನ್ನ ದುಡಿಮೆಯಿಂದ ನಡೆಯದಿದ್ದರೆ ನಾನೇ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ.

ಮೇಣಬತ್ತಿ ಮಾಡುತ್ತಿದ್ದೇನೆ. ನಗಬೇಡಿ. ಇಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುತ್ತದೆ, ಚಿಮಣಿ ಎಣ್ಣೆಗೆ ಸಾಲು ನಿಲ್ಲಬೇಕು. ಮಹಿಳಾ ಮಂಡಳದವರು ಕೆಲಸ ಕಲಿಸಿ ಅಚ್ಚನ್ನೂ ಕೊಟ್ಟರು. ತೊಡಕು ಇರುವುದು ಒಳಗಿನ ದಾರದ್ದು. ಕಲಿಸಿದವರು ತಂದ ದಾರ ತೀರಿದ ಮೇಲೆ ನಾನು ಹೊಲಿಗೆಯ ದಾರ ಮಡಚಿ ಹಾಕಿದೆ. ಕಿರಾಣಿ ಅಂಗಡಿಯ ಆದಿನಾಥರು ಹಚ್ಚಿ ನೋಡಿದರು. ಉರಿ ಸ್ವಲ್ಪ ಹೊತ್ತು ಮಿಣುಕಿ, ಕರಗಿದ ಮೇಣದಲ್ಲಿ ಮುಳುಗಿ ಸತ್ತಿತು. ಗೋಣಿಚೀಲದ ದಾರ ಹಾಕಿದ್ದನ್ನು ಹಚ್ಚಿದರೆ ಅವರ ಸಕ್ಕರೆ ಡಬ್ಬಿಯೆಲ್ಲ ಕಪ್ಪಾಯಿತು. "ಅಕ್ಕಾರ, ಹೊಗಿ ಬರದಂಗ, ಆರದಂಗ ಮಾಡಿ ತರ್ರಿ. ಆಮ್ಯಾಲ ನಿಮ್ಮ ಬತ್ತಿ ಬಿಟ್ಟು ಬ್ಯಾರೇದ್ದು ನಾ ಮಾರಂಗಿಲ್ಲ" ಅಂದರು. ಮಾತಿನ ಮನುಷ್ಯ. ನನಗೆ ಅಷ್ಟು ಸಾಕು.

ರೇಣವ್ವ


ಬೆಳಗಾವಿ
೨೭ ಜೂನ್ ೧೯೮೧

ತಂಗಿ ರೇಣವ್ವನಿಗೆ ಆಶೀರ್ವಾದ.

ಅಜ್ಜನ ಕಾಲದಿಂದ ವಿಭೂತಿ, ರುದ್ರಾಕ್ಷಿ, ಕೊರಳಲ್ಲಿ ಲಿಂಗ ಧರಿಸುವ ಶಿವದಾರ ಮಾಡಿ ಕೊಟ್ಟ ಮನೆ ನಮ್ಮದು. ಆ ಮನೆಯ ಮಗಳು ಮೇಣ ಕಾಯಿಸುತ್ತ ಕುಳಿತಿದ್ದಾಳೆ ಎಂದು ಗಿರಾಕಿಗಳಿಗೆ ಹೇಗೆ ಹೇಳಲಿ? ಹೇಳುವುದಿಲ್ಲ ಬಿಡು.

ದೀಪಾವಳಿಯ ತನಕ ಎಂದಿದ್ದೀಯ, ಆಗಲಿ. ಅಷ್ಟರಲ್ಲಿ ನಿನಗೇ ಬೇಸರ ಬರುತ್ತದೆ. ಬತ್ತಿಗೆ ಯಾವ ದಾರ ಎಂದು ತಲೆ ಕೆಡಿಸಿಕೊಳ್ಳುವುದೇನಿದೆ? ಬತ್ತಿ ಬತ್ತಿಯೇ. ಅವ್ವ ತೊಡೆಯ ಮೇಲೆ ಹತ್ತಿ ಹೊಸೆದು ದೇವರ ದೀಪಕ್ಕೆ ಹಾಕುತ್ತಿರಲಿಲ್ಲವೇ? ಅದನ್ನೇ ಉದ್ದಕ್ಕೆ ಹೊಸೆದು ಹಾಕು. ಎಣ್ಣೆಯಲ್ಲಿ ಉರಿಯುವುದು ಮೇಣದಲ್ಲಿ ಉರಿಯದೇ ಏನು ಮಾಡೀತು?

ಅತ್ತೆಗೆ ಹೇಳಿಲ್ಲ ತಾನೇ?

ಕಲ್ಲಯ್ಯ


ಖಾನಾಪುರ
೧೪ ಜುಲೈ ೧೯೮೧

ಅಣ್ಣನವರಿಗೆ ಶರಣಾರ್ಥಿಗಳು.

ನಿಮ್ಮ ಮಾತಿನಂತೆ ಅವ್ವನ ಬತ್ತಿಯನ್ನೇ ಹೊಸೆದು ಹಾಕಿದೆ. ಎಣ್ಣೆಯ ದೀಪದಲ್ಲಾದರೆ ಬತ್ತಿಯನ್ನು ನಾವು ಆಗಾಗ ಚಿವುಟುತ್ತೇವೆ, ದೂಡುತ್ತೇವೆ. ಮೇಣಬತ್ತಿಯಲ್ಲಿ ಅದು ನೆಟ್ಟಗೆ ನಿಂತೇ ಉರಿಯಿತು. ತುದಿಯಲ್ಲಿ ಕರಿಯ ಗಡ್ಡೆ ಬೆಳೆಯಿತು, ಉರಿ ನಾಲಿಗೆ ಚಾಚಿತು, ಹೊಗೆ ಎದ್ದಿತು. ಅತ್ತೆ ಮೂರು ಸಲ ಸೀನಿ, "ಇದು ಬೆಳಕು ಕೊಡತೈತೋ ಕಾಡಗಿ ಕೊಡತೈತೋ ನೋಡವ್ವಾ. ಕಾಡಗೀನ ಆದ್ರ ಡಬ್ಬ್ಯಾಗ ತುಂಬಿ ಮಾರೂಣು" ಅಂದರು.

ಸಿಟ್ಟು ಬಂತು. ಅವರ ಮೇಲಲ್ಲ, ಬತ್ತಿಯ ಮೇಲೆ. ಅಂಗಡಿಯಿಂದ ಒಂದು ಒಳ್ಳೆಯ ಮೇಣಬತ್ತಿ ತಂದು ಉದ್ದಕ್ಕೆ ಸೀಳಿದೆ. ಒಳಗಿನ ದಾರ ಹೊಸೆದದ್ದಲ್ಲ, ಹೆಣೆದದ್ದು. ಅದನ್ನು ಹಚ್ಚಿ ಮುಂದೆ ಕುಳಿತು ನೋಡಿದೆ. ಉರಿಯುತ್ತ ಉರಿಯುತ್ತ ದಾರದ ತುದಿ ಒಂದು ಬದಿಗೆ ಬಾಗುತ್ತದೆ, ಉರಿಯ ಆಚೆ ಬಂದು ತಾನೇ ಬೂದಿಯಾಗಿ ಉದುರುತ್ತದೆ. ಯಾರೂ ಚಿವುಟಬೇಕಾಗಿಲ್ಲ. ನಾನೂ ಜಡೆಯ ಹಾಗೆ ಮೂರೆಳೆ ಹೆಣೆದು ಹಾಕಿದೆ. ಸಡಿಲಾಯಿತು. ಮೇಣ ಕುಡಿದು ಉಬ್ಬಿ ಮತ್ತೆ ಹೊಗೆ. ಬಿಗಿಯಾಗಿ, ಒಂದೇ ಸಮನಾಗಿ ಹೆಣೆಯುವ ಕೈ ಬೇಕು. ಇಲ್ಲಿಯ ಪೇಟೆಯಲ್ಲಿ ಅಂಥ ದಾರ ಸಿಗುವುದಿಲ್ಲ.

ಇನ್ನೊಂದು ಮಾತು. ನೀವು ಕೈಯಿಂದ ಹೆಣೆದ ಶಿವದಾರ ಒಂದು ಕಟ್ಟು ಕಂಡಕ್ಟರ್ ಮಾಯಪ್ಪನ ಕೈಯಲ್ಲಿ ಕಳಿಸಿಕೊಡಿ. ಇಲ್ಲಿ ಬೇಕಾಗಿದೆ.

ರೇಣವ್ವ


ಬೆಳಗಾವಿ
೨೨ ಜುಲೈ ೧೯೮೧

ತಂಗಿ ರೇಣವ್ವನಿಗೆ ಆಶೀರ್ವಾದ.

ನಿನ್ನ ಕಾಗದದ ಮೊದಲಿನ ಭಾಗವನ್ನು ಅರ್ಧ ಓದಿ ಬಿಟ್ಟೆ, ಬತ್ತಿ ಪುರಾಣ ನನಗೆ ತಿಳಿಯುವುದಿಲ್ಲ. ಕೊನೆಯ ಸಾಲು ಓದಿ ಕಣ್ಣು ತುಂಬಿತು. ಅಂತೂ ನಿನಗೆ ತವರಿನ ಕಾಯಕ ನೆನಪಾಯಿತು! ಶ್ರಾವಣ ಬಂತು, ಖಾನಾಪುರದ ಭಕ್ತರು ದಾರಕ್ಕಾಗಿ ಬೆಳಗಾವಿಯ ತನಕ ಯಾಕೆ ಬರಬೇಕು? ನಿನ್ನ ಮನೆಯಲ್ಲೇ ಸಿಗಲಿ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಮಾಯಪ್ಪನ ಕೈಯಲ್ಲಿ ದೊಡ್ಡ ಕಟ್ಟು ಕೊಟ್ಟಿದ್ದೇನೆ. ಎಲ್ಲವೂ ನನ್ನ ಕೈಯವು. ಇದಕ್ಕೆ ದುಡ್ಡು ಗಿಡ್ಡು ಎಂದರೆ ಬೈಸಿಕೊಳ್ಳುತ್ತೀಯ. ಮೇಣದ ಅಚ್ಚನ್ನು ಮಂಡಳದವರಿಗೆ ತಿರುಗಿ ಕೊಟ್ಟುಬಿಡು.

ಕಲ್ಲಯ್ಯ


ಖಾನಾಪುರ
೯ ಆಗಸ್ಟ್ ೧೯೮೧

ಅಣ್ಣನವರಿಗೆ ಶರಣಾರ್ಥಿಗಳು.

ದಾರ ತಲುಪಿತು. ನಿಮ್ಮ ಹೆಣಿಕೆಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಅಪ್ಪನ ಪಡಸಾಲೆಯಲ್ಲಿ ಕುಳಿತ ಹಾಗಾಗುತ್ತದೆ. ಆದರೆ ಇದು ದಪ್ಪವಾಯಿತು, ಇಲ್ಲಿಯ ಕೆಲಸಕ್ಕೆ ಹೊಂದಲಿಲ್ಲ. ಇದೇ ಹೆಣಿಕೆಯಲ್ಲಿ ಸಪೂರ ದಾರ ಇದ್ದರೆ ಕಳಿಸಿ. ಎಷ್ಟು ಸಪೂರ ಎಂದರೆ, ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ತೆಳ್ಳಗೆ.

ನನ್ನ ಬತ್ತಿಯ ಕೆಲಸ ಬಿಟ್ಟಿಲ್ಲ. ದಾರವನ್ನು ಉಪ್ಪು ಮತ್ತು ಪತ್ತಾರರು ಬಳಸುವ ಬಿಳಿಗಾರ ಕರಗಿಸಿದ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಆಗ ಉರಿ ಆರಿಸಿದ ಮೇಲೆ ತುದಿಯಲ್ಲಿ ಕೆಂಡ ಉಳಿಯುವುದಿಲ್ಲ. ಮೇಣಬತ್ತಿಯ ದಪ್ಪಕ್ಕೆ ತಕ್ಕ ದಾರ ಇರಬೇಕು. ತೀರ ತೆಳ್ಳಗಾದರೆ ನಡುವೆ ಬಾವಿ ಬೀಳುತ್ತದೆ, ಉರಿ ಒಳಗೆ ಇಳಿದು ಸುತ್ತಲಿನ ಮೇಣ ಗೋಡೆಯಾಗಿ ನಿಲ್ಲುತ್ತದೆ. ದಪ್ಪಗಾದರೆ ಸೋರಿ ಹರಿಯುತ್ತದೆ. ದಪ್ಪ ಮೇಣಬತ್ತಿಗೆ ಈಗ ಸರಿಯಾದದ್ದು ಸಿಕ್ಕಿದೆ. ಜನ ಕೇಳುವುದು ಸಣ್ಣದ್ದನ್ನು. ಅದನ್ನು ಗೆಲ್ಲದೆ ಬಿಡುವುದಿಲ್ಲ.

ರೇಣವ್ವ


ಬೆಳಗಾವಿ
೧೭ ಆಗಸ್ಟ್ ೧೯೮೧

ತಂಗಿ ರೇಣವ್ವನಿಗೆ ಆಶೀರ್ವಾದ.

ಸಪೂರ ದಾರ ಎಂದರೆ ಕೂಸುಗಳ ದಾರವೇ ಸೈ. ಹುಟ್ಟಿದ ಮಗುವಿಗೆ ಲಿಂಗ ಕಟ್ಟುವಾಗ ಕೊರಳು ಒತ್ತಬಾರದೆಂದು ಅದನ್ನು ಎಲ್ಲಕ್ಕಿಂತ ನಾಜೂಕಾಗಿ ಹೆಣೆಯುತ್ತೇನೆ. ಖಾನಾಪುರದಲ್ಲಿ ಇಷ್ಟು ಕೂಸುಗಳು ಹುಟ್ಟುತ್ತಿವೆ ಎಂದು ಕೇಳಿ ನಿನ್ನ ವೈನಿ ಬಾಯಿಯ ಮೇಲೆ ಬೆರಳಿಟ್ಟಳು. "ಕರೆಂಟ್ ಹೋಗೂದು ಹೆಚ್ಚಾಗೇತಿ, ಮತ್ತೇನಾಗತೈತಿ" ಅಂದಳು. ಅವಳ ಬಾಯಿಗೆ ಹಿಡಿತವಿಲ್ಲ.

ಒಂದು ಕಟ್ಟು ಕಳಿಸಿದ್ದೇನೆ, ಇನ್ನೂ ಹೆಣೆಯುತ್ತಿದ್ದೇನೆ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ನನ್ನ ತಂಗಿ ಖಾನಾಪುರದಲ್ಲಿ ಕೂಸುಗಳಿಗೆ ಶಿವದಾರ ಹಂಚುತ್ತಿದ್ದಾಳೆ ಎಂದು. ಬಸಲಿಂಗಯ್ಯನೂ ಸಿಕ್ಕಿದ್ದ. ದೀಪಾವಳಿಯ ಮಾತು ಎತ್ತಿದರೆ ನೆಲ ನೋಡಿದ.

ಕಲ್ಲಯ್ಯ


ಬೆಳಗಾವಿ
೨೧ ಸೆಪ್ಟೆಂಬರ್ ೧೯೮೧

ರೇಣವ್ವ,

ಮಾಯಪ್ಪ ನಿನ್ನೆ ಅಂಗಡಿಗೆ ಬಂದು ಒಂದು ಮೇಣಬತ್ತಿ ಇಟ್ಟುಹೋದ. "ಅಕ್ಕಾರು ಮಾಡಿದ್ದರೀ ಅಪ್ಪಾರ, ಖಾನಾಪುರದಾಗ ಎಲ್ಲಾರ ಮನ್ಯಾಗೂ ಈಗ ಇದ ಅದ" ಅಂದ. ಸಂಜೆ ನಾನು ಲಿಂಗಪೂಜೆಗೆ ಕುಳಿತಾಗ ಕರೆಂಟು ಹೋಯಿತು. ನಿನ್ನದೇ ಬತ್ತಿ, ತಂಗಿಯ ಕೈಯ ಬೆಳಕು ಎಂದು ಪ್ರೀತಿಯಿಂದ ಹಚ್ಚಿದೆ. ಚೆನ್ನಾಗಿಯೇ ಉರಿಯಿತು. ಹೊಗೆ ಇಲ್ಲ. ನೋಡುತ್ತಿದ್ದ ಹಾಗೆ ದಾರ ಎಡಕ್ಕೆ ಬಾಗಿತು. ಈ ಬಾಗು ನನಗೆ ಗೊತ್ತಿದ್ದದ್ದು ಅನಿಸಿತು. ಊದಿ ಆರಿಸಿ ಚಾಕುವಿನಿಂದ ಸೀಳಿದೆ.

ನನ್ನ ಹೆಣಿಕೆ ನನಗೆ ಗೊತ್ತಾಗುವುದಿಲ್ಲವೇ? ಎಡಗಡೆಯ ಎಳೆಯನ್ನು ನಾನು ಒಂದು ಕೂದಲು ಹೆಚ್ಚು ಜಗ್ಗುತ್ತೇನೆ. ಅಪ್ಪ ಬೈದು ಬೈದು ಸಾಕಾದರು, ಆ ಚಟ ಹೋಗಲಿಲ್ಲ. ಅದು ಕೂಸುಗಳ ದಾರ. ಪೂಜೆಯಿಂದ ಎದ್ದುಬಿಟ್ಟೆ.

ಒಂದೊಂದು ಹೆಣಿಕೆಗೂ ಓಂ ನಮಃ ಶಿವಾಯ ಎನ್ನುತ್ತೇನೆ. ಅಪ್ಪ ಹಾಗೆ ಕಲಿಸಿದರು. ಬಾಯಲ್ಲಿ ಮಂತ್ರ ಇಲ್ಲದೆ ನನ್ನ ಕೈಯಿಂದ ಒಂದು ಗೇಣು ದಾರ ಇಳಿದಿಲ್ಲ. ಅದನ್ನು ನೀನು ಉಪ್ಪುನೀರಿನಲ್ಲಿ ನೆನೆಸಿ ಕಿರಾಣಿ ಅಂಗಡಿಯಲ್ಲಿ ಸುಡಲು ಇಟ್ಟೆಯಾ? ಕೊರಳಿಗೆ ಹೋಗಬೇಕಾದದ್ದು ಬೆಂಕಿಗೆ ಹೋಯಿತು. ನಾಲ್ಕು ಜನರ ಮುಂದೆ ನಿನ್ನ ಹೊಗಳಿದ ಬಾಯಿ ನನ್ನದು, ಈಗ ಎಲ್ಲಿ ಇಟ್ಟುಕೊಳ್ಳಲಿ?

ಇನ್ನು ಒಂದು ಎಳೆಯೂ ಬರುವುದಿಲ್ಲ. ದೀಪಾವಳಿಗೆ ಬರುತ್ತೇನೆ. ಗಂಟು ಕಟ್ಟಿಕೊಂಡಿರು.

ಕಲ್ಲಯ್ಯ


ಖಾನಾಪುರ
೨೬ ಸೆಪ್ಟೆಂಬರ್ ೧೯೮೧

ಅಣ್ಣನವರಿಗೆ ಶರಣಾರ್ಥಿಗಳು.

ಹೌದು, ನಿಮ್ಮದೇ ದಾರ. ಹೇಳಿದ್ದರೆ ಕಳಿಸುತ್ತಿದ್ದಿರಾ? ಇಲ್ಲ. ಅದಕ್ಕೇ ಹೇಳಲಿಲ್ಲ. ಕೂಸುಗಳ ಮಾತು ನಾನು ಬರೆದದ್ದಲ್ಲ, ನೀವೇ ಹುಟ್ಟಿಸಿಕೊಂಡಿರಿ. ನಾನು ಇಲ್ಲ ಎನ್ನಲಿಲ್ಲ, ಅಷ್ಟೇ.

ನಿಮ್ಮ ಸಿಟ್ಟು ಓದಿ ಅತ್ತುಬಿಟ್ಟೆ. ಅದನ್ನೂ ಮುಚ್ಚಿಡುವುದಿಲ್ಲ. ನೀವು ಹೆಣೆಯುವಾಗ ತುಟಿ ಅಲುಗಾಡುವುದನ್ನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಆದರೆ ಲಿಂಗ ಕಟ್ಟುವ ತನಕ ಅದು ಬರೀ ದಾರ ಎಂದು ಅಪ್ಪನೇ ಹೇಳುತ್ತಿದ್ದರು. ಹೆರಿಗೆ ಮಾಡಿಸುವ ಬಸವಣ್ಣೆವ್ವ ಕರೆ ಬಂದಾಗಲೆಲ್ಲ ನಮ್ಮ ಬತ್ತಿ ಹಿಡಿದೇ ಹೋಗುತ್ತಾಳೆ. ನೀವು ಎಣಿಸಿದ ಕೂಸುಗಳು ಈ ಬೆಳಕಿನಲ್ಲೇ ಕಣ್ಣು ಬಿಡುತ್ತಿವೆ. ನಿಮ್ಮ ಮಂತ್ರ ಎಲ್ಲಿ ಕೆಟ್ಟಿತು, ನೀವೇ ಹೇಳಿ.

ನಾನು ಅಳುವುದನ್ನು ಕಂಡು ಅತ್ತೆಯವರು ಬಂದು ಕುಳಿತರು. ನೀವೆಲ್ಲ ಅವರಿಂದ ಬಚ್ಚಿಟ್ಟ ಮಾತನ್ನು ನಾನು ಹೇಳಹೋದೆ. ಅವರೇ ತಡೆದರು. "ಹಿತ್ತಲದಾಗ ಮಾತಾಡಿದ್ದು ನನಗ ಅವತ್ತಽ ಕೇಳಿತ್ತವ್ವಾ. ನೀ ಅಣ್ಣನ ಮನೀಗೆ ಹೋಗಿ ಸುಖವಾಗಿ ಇರ್ತಿ ಅಂದ್ರ ನಾ ಯಾಕ ಅಡ್ಡ ಬರಲಿ ಅಂತ ಸುಮ್ಮನಿದ್ದೆ. ನೀ ಬತ್ತಿ ಹಿಡಕೊಂಡು ಕುಂತದ್ದು ನೋಡಿ ತಿಳೀತು, ಇಕಿ ನನ್ನ ಬಿಟ್ಟು ಹೋಗಂಗಿಲ್ಲ ಅಂತ" ಅಂದರು. ಇಷ್ಟು ತಿಂಗಳು ಎಲ್ಲ ಗೊತ್ತಿದ್ದೂ ನನ್ನ ಹೊಗೆ ಕುಡಿದು ತಮಾಷೆ ಮಾಡುತ್ತಿದ್ದರು ಅಣ್ಣಾ.

ದಾರ ಕಳಿಸದಿದ್ದರೆ ಬೇಡ. ಗಂಟು ಕಟ್ಟುವುದಿಲ್ಲ.

ರೇಣವ್ವ


ಖಾನಾಪುರ
೧೨ ಅಕ್ಟೋಬರ್ ೧೯೮೧

ಅಣ್ಣನವರಿಗೆ ಶರಣಾರ್ಥಿಗಳು.

ನಿಮ್ಮ ಕಾಗದವಿಲ್ಲ. ಮಾಯಪ್ಪನನ್ನು ಕೇಳಿದರೆ, "ನಿಮ್ಮ ಅಣ್ಣಾರು, ಖಾನಾಪುರದ ಹೆಸರು ತಗದ್ರ ವಿಭೂತಿ ಡಬ್ಬಿ ಕಡೆ ಹೊಳ್ಳತಾರ" ಅಂದ. ಹೊರಳಿಕೊಳ್ಳಿ. ನಾನು ಬರೆಯುವುದನ್ನು ಬರೆಯುತ್ತೇನೆ.

ಉಳಿದಿದ್ದ ನಿಮ್ಮ ಕೊನೆಯ ದಾರವನ್ನು ಸುಡಲಿಲ್ಲ. ಎಳೆ ಎಳೆಯಾಗಿ ಬಿಚ್ಚಿ ನೋಡಿ ಕಲಿತೆ. ಅಪ್ಪ ನನಗೆ ಕಲಿಸಲಿಲ್ಲ, ಹೆಣ್ಣುಮಗಳಿಗೆ ಯಾಕೆ ಎಂದರು. ನಾನೂ ನಿಮ್ಮ ಹಾಗೆ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತೆ. ಮೊದಲು ಹೆಣೆದದ್ದು ಎಲ್ಲ ಎಳೆಗೂ ಸಮನಾದ ಬಿಗಿ. ಅಪ್ಪ ಕಂಡಿದ್ದರೆ ಭೇಷ್ ಅನ್ನುವ ಹಾಗಿತ್ತು. ಹಚ್ಚಿದರೆ ನೆಟ್ಟಗೆ ನಿಂತು ಹೊಗೆ ಬಿಟ್ಟಿತು! ಆಮೇಲೆ ನಿಮ್ಮ ಸಿಟ್ಟಿನ ಕಾಗದ ನೆನಪಾಯಿತು. ಎಡದ ಎಳೆಯನ್ನು ಒಂದು ಕೂದಲು ಹೆಚ್ಚು ಜಗ್ಗಿದೆ. ಬತ್ತಿ ಬಾಗಿತು. ಯಾವ ಚಟಕ್ಕೆ ಅಪ್ಪ ನಿಮ್ಮನ್ನು ಬೈಯುತ್ತಿದ್ದರೋ ಅದರಿಂದಲೇ ಈ ದೀಪ ಶುದ್ಧವಾಗಿ ಉರಿಯುತ್ತಿತ್ತು. ಅತ್ತೆ ಚಪ್ಪಾಳೆ ತಟ್ಟಿದರು.

ಈಗ ಅತ್ತೆ ಎಳೆ ಬಿಡಿಸುತ್ತಾರೆ, ನಾನು ಹೆಣೆಯುತ್ತೇನೆ. ಕೈ ಇನ್ನೂ ನಿಧಾನ. ದೀಪಾವಳಿಗೆ ಆದಿನಾಥರು ಕೇಳಿದಷ್ಟು ಕೊಡಲು ನಾವಿಬ್ಬರು ನಿದ್ದೆಗೆಟ್ಟು ಕುಳಿತರೂ ಆಗುವಂತಿಲ್ಲ. ಆದಷ್ಟು ಕೊಡುತ್ತೇವೆ. ಇದನ್ನು ನಿಮ್ಮನ್ನು ಕೇಳಲು ಬರೆಯುತ್ತಿಲ್ಲ. ಮನೆ ನಡೆಯುತ್ತಿದೆ, ನಡೆಯುತ್ತದೆ.

ದೀಪಾವಳಿಗೆ ಬನ್ನಿ. ವೈನಿಯವರನ್ನೂ ಕರೆದುಕೊಂಡು ಉಣ್ಣಲು ಬನ್ನಿ. ಕರೆದೊಯ್ಯಲು ಬರುವುದಾದರೆ ಬೇಡ.

ರೇಣವ್ವ


ಬೆಳಗಾವಿ
೨೧ ಅಕ್ಟೋಬರ್ ೧೯೮೧

ತಂಗಿ ರೇಣವ್ವನಿಗೆ ಅಣ್ಣನ ಆಶೀರ್ವಾದ.

ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಇಳಿಯುವಾಗ ಇಳಿಯುತ್ತದೆ.

ಬಸಲಿಂಗಯ್ಯನನ್ನು ಕಂಡು, ತಾಯಿಯನ್ನು ಕರೆಯಲು ಹೋಗಬೇಡ, ಅವರು ಇದ್ದಲ್ಲೇ ಇರಲಿ ಎಂದೆ. ಕೂಡಲೇ ಚಹಾ ತರಿಸಿದ. ಹಿಂದಿನ ಕೋಣೆಯಲ್ಲಿ ನಿನ್ನ ವೈನಿ ಜೋಳದ ಚೀಲ ಇಡಿಸಿದ್ದಾಳೆ. ಇನ್ನು ಅಲ್ಲಿ ನಿನಗೆ ಜಾಗವೂ ಇಲ್ಲ.

ಮಾಯಪ್ಪನ ಕೈಯಲ್ಲಿ ಒಂದು ಗಂಟು ಬರುತ್ತದೆ. ಸಪೂರ ದಾರ. ಆದಿನಾಥರು ಕೇಳಿದಷ್ಟಕ್ಕೆ ಸಾಕಾಗುತ್ತದೆ, ಮೇಲೆ ಉಳಿಯುತ್ತದೆ. ಇದನ್ನು ಹೇಗೆ ಹೆಣೆದೆ ಎಂಬುದನ್ನು ನಿನಗೆ ಹೇಳಲೇಬೇಕು. ಸುಡುವ ದಾರಕ್ಕೆ ಶಿವನ ಹೆಸರು ಯಾಕೆ, ಇದು ಬರೀ ವ್ಯಾಪಾರದ ದಾರ ಎಂದು ಬಾಯಿ ಮುಚ್ಚಿ ಕುಳಿತೆ. ಕೈ ಓಡಲಿಲ್ಲ. ಒಂದು ಎಳೆ ಹೋದ ಕಡೆ ಇನ್ನೊಂದು ಹೋಗಲಿಲ್ಲ. ಇಷ್ಟು ವರ್ಷ ಹೆಣೆದ ಕೈ, ಕಲಿಯುವ ಹುಡುಗನ ಹಾಗೆ ಗಂಟು ಹಾಕಿತು. ಬಿಚ್ಚಿದೆ, ಮತ್ತೆ ಹೆಣೆದೆ, ಮತ್ತೆ ಗಂಟು. ನಿನ್ನ ವೈನಿ ಬಾಗಿಲಲ್ಲಿ ನಿಂತು ನೋಡಿ, "ತಂಗೀಗಂತ ಮಾಡೂದನ್ನ ಬಾಯಿ ಬಿಗಿದು ಮಾಡಬಾರದರೀ" ಅಂದು ಒಳಗೆ ಹೋದಳು.

ಆಮೇಲೆ ಮಂತ್ರ ಹೇಳಿಕೊಂಡೇ ಹೆಣೆದೆ. ಮೊದಲಿನಿಂದ ಕೊನೆಯ ತನಕ, ಒಂದು ಹೆಣಿಕೆಯೂ ಬಿಡದೆ. ಆದ್ದರಿಂದ ಇದು ಬೇರೆ ದಾರ, ಸುಡುವುದಕ್ಕೆಂದೇ ಮಾಡಿದ್ದು ಎಂದು ಹೇಳಿ ನಿನ್ನನ್ನೂ ನನ್ನನ್ನೂ ಸಮಾಧಾನ ಮಾಡಲಾರೆ. ಇದು ಶಿವದಾರವೇ.

ಹಚ್ಚು.

ಕಲ್ಲಯ್ಯ